ರಾತ್ರಿಯ ನಿದ್ದೆಗೆ ಬೆಳಗಿನ ಸಿದ್ಧತೆ

ನಿದ್ದೆ ಬಾರದವರಿಗೆ ಸಿಗುವ ಉಪದೇಶವೆಲ್ಲ ರಾತ್ರಿಯದೇ. ಹತ್ತಕ್ಕೆ ದೀಪ ಆರಿಸಿ, ಬಿಸಿ ಹಾಲು ಕುಡಿಯಿರಿ, ಮೊಬೈಲ್ ದೂರವಿಡಿ, ನೂರರಿಂದ ಹಿಂದಕ್ಕೆ ಎಣಿಸಿ. ಇದನ್ನೆಲ್ಲ ಶ್ರದ್ಧೆಯಿಂದ ಪಾಲಿಸಿದವರೂ ಎಷ್ಟೋ ಸಲ ಹನ್ನೆರಡರವರೆಗೆ ಮಗ್ಗುಲು ಬದಲಿಸುತ್ತಾ ತಿರುಗುವ ಫ್ಯಾನು ನೋಡುತ್ತಿರುತ್ತಾರೆ. ಉಪದೇಶದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಅದು ತುಂಬ ತಡವಾಗಿ ಶುರುವಾಗುತ್ತದೆ. ಇಷ್ಟು ಗಂಟೆಗೆ ನಿದ್ದೆ ಬರಲಿ ಎಂದು ಯಾರೂ ಆಜ್ಞೆ ಮಾಡಲಾರರು. ಇಷ್ಟು ಗಂಟೆಗೆ ಏಳುತ್ತೇನೆ ಎಂದು ಹಟ ಹಿಡಿಯಬಹುದು. ಒಳ್ಳೆಯ ನಿದ್ದೆಯ ಅಭ್ಯಾಸ ಅಲ್ಲಿಂದಲೇ ಆರಂಭವಾಗಬೇಕು ಎನ್ನುವುದು ನನ್ನ ವಾದ.

ಇದಕ್ಕೆ ದೇಹದಲ್ಲೇ ಕಾರಣವಿದೆ. ನಿದ್ದೆಯನ್ನು ಎರಡು ಶಕ್ತಿಗಳು ನಡೆಸುತ್ತವೆ ಎಂದು ಜ್ಯೂರಿಕ್‌ನ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ವಿವರಿಸಿದರು. ಎಚ್ಚರವಾಗಿದ್ದಷ್ಟು ಹೊತ್ತೂ ಏರುತ್ತ ಹೋಗುವ ನಿದ್ದೆಯ ಒತ್ತಡ ಒಂದು. ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಶೇಖರವಾಗುವುದು ಅದರ ಮುಖ್ಯ ಕುರುಹು. ಇನ್ನೊಂದು, ಹಗಲು ರಾತ್ರಿಯ ಲೆಕ್ಕ ಇಡುವ ಒಳಗಿನ ಗಡಿಯಾರ. ಜೀವಕೋಶಗಳೊಳಗೆ ಈ ಗಡಿಯಾರ ನಡೆಯುವ ಬಗೆ ಬಿಡಿಸಿ ತೋರಿಸಿದ ಮೂವರಿಗೆ 2017ರ ನೊಬೆಲ್ ಸಂದಿತು. ಅದನ್ನು ದಿನವೂ ಸರಿಯಾದ ವೇಳೆಗೆ ತಿರುಗಿಸುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕು, ಅದರಲ್ಲೂ ಬೆಳಗಿನ ಬೆಳಕು. ಭಾನುವಾರ ಪರದೆ ಎಳೆದು ಒಂಬತ್ತೂವರೆಗೆ ಏಳುವವರು, ಬಾಡೂಟ ಮುಗಿಸಿ ಸಂಜೆ ನಾಲ್ಕರವರೆಗೆ ಮತ್ತೆ ಗೊರಕೆ ಹೊಡೆಯುವವರು, ಅಂದು ರಾತ್ರಿ ನಿದ್ದೆ ಹತ್ತದಿದ್ದರೆ ಸೋಮವಾರದ ಆಫೀಸನ್ನು ಬೈಯುತ್ತಾರೆ. ಪಾಪ, ಆಫೀಸಿನ ಪಾಲು ಅದರಲ್ಲಿ ಸ್ವಲ್ಪವೇ.

ಕಾಫಿಯ ಲೆಕ್ಕವೂ ಹಗಲಿನದೇ. ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಹೆಚ್ಚಿನವರಲ್ಲಿ ಐದಾರು ಗಂಟೆ ಬೇಕು. ಸಂಜೆ ಐದರ ಫಿಲ್ಟರ್ ಕಾಫಿಯ ಅರ್ಧ ಪಾಲು ಹತ್ತು ಗಂಟೆಗೂ ಒಳಗೇ ಕುಳಿತು ಅಡೆನೊಸಿನ್‌ನ ಕೆಲಸಕ್ಕೆ ಅಡ್ಡಗಾಲು ಹಾಕುತ್ತಿರುತ್ತದೆ. ‘ನನಗೆ ಕಾಫಿ ಕುಡಿದರೇ ನಿದ್ದೆ’ ಎನ್ನುವವರ ಜೊತೆ ವಾದಕ್ಕಿಳಿಯುವುದನ್ನು ನಾನು ಬಿಟ್ಟಿದ್ದೇನೆ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಇಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಮನಸ್ಸಿನ ಪಾಲು ದೊಡ್ಡದು, ಒಪ್ಪೋಣ. ಹಾಸಿಗೆಯ ಮೇಲೆ ಒದ್ದಾಡುತ್ತಾ ಬಿದ್ದಿದ್ದರೆ ಹಾಸಿಗೆ ಕಂಡರೇ ಎಚ್ಚರವಾಗುವ ಅಭ್ಯಾಸ ಬೆಳೆಯುತ್ತದೆ. ಅದಕ್ಕೇ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್‌ಜಿನ್ 1972ರಲ್ಲಿ ಒಂದು ಕಟ್ಟುನಿಟ್ಟು ಸೂಚಿಸಿದರು: ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಕಣ್ಣು ಎಳೆದಾಗ ಮಾತ್ರ ಬನ್ನಿ, ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಅದೇ ಗಂಟೆಗೆ ಏಳಿ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇಂಥ ಕ್ರಮಗಳ ಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಹೇಳಿತು. ಗೊರಕೆಯ ನಡುವೆ ಉಸಿರು ಕಟ್ಟುವವರ ಮಾತು ಬೇರೆ. ಅವರು ವೈದ್ಯರನ್ನು ಕಾಣಲೇಬೇಕು.

ಆದರೆ ಎದ್ದು ಹೋಗಲು ಬೇರೆ ಕೋಣೆಯೇ ಇಲ್ಲದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ನಿದ್ದೆಯನ್ನು ಒಬ್ಬೊಬ್ಬರ ಶಿಸ್ತಿನ ಪ್ರಶ್ನೆಯಾಗಿ ನೋಡುವ ವಿಚಾರ ಸೋಲುವುದು ಇಲ್ಲಿಯೇ. ಒಬ್ಬರ ಮೊಬೈಲಿನ ರೀಲ್ಸ್ ಸಾಲಾಗಿ ಮಲಗಿದ ನಾಲ್ವರನ್ನು ಎಬ್ಬಿಸುತ್ತದೆ. ಎಲ್ಲರಿಗೂ ಬಡಿಸಿ, ಕಡೆಗೆ ಉಂಡು, ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ ಹನ್ನೊಂದೂವರೆಗೆ ಒರಗುವ ಗೃಹಿಣಿ ಐದಕ್ಕೆ ನಲ್ಲಿ ನೀರು ಹಿಡಿಯಲು ಏಳುತ್ತಾಳೆ. ಏಳುವ ಗಂಟೆಯಲ್ಲಿ ಅವಳಷ್ಟು ನಿಯಮಿತರು ಯಾರೂ ಇಲ್ಲ; ಸಿಗುವ ನಿದ್ದೆ ಐದೂವರೆ ಗಂಟೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ಬೇಕೆಂಬುದು ತಜ್ಞರ ಮಾತು. ದಿನವೂ ಅದೇ ಗಂಟೆಗೆ ಏಳಿ ಎಂಬ ನನ್ನ ವಾದವನ್ನು ಅವಳೆದುರು ಹೇಳಿದರೆ ಅದು ಕ್ರೌರ್ಯವಾದೀತು.

ನಿದ್ದೆಗೆ ಕಾನೂನಿನ ಕಾವಲೇನೋ ಇದೆ. ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರನ್ನು ಪೊಲೀಸರು ನಡುರಾತ್ರಿ ಚದುರಿಸಿದ ಪ್ರಕರಣದಲ್ಲಿ, 2012ರಲ್ಲಿ, ಸುಪ್ರೀಂ ಕೋರ್ಟ್ ನಿದ್ದೆಯನ್ನು ಬದುಕುವ ಹಕ್ಕಿನ ಭಾಗವೆಂದು ಕಂಡಿತು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಗಳ ಬಾಯಿ ಕಟ್ಟುವ ನಿಯಮ 2000ದಿಂದಲೇ ಇದೆ. ಅಡುಗೆಮನೆಯ ಬಾಗಿಲು ದಾಟಿ ಬರುವ ಕಾನೂನು ಮಾತ್ರ ಯಾವುದೂ ಇಲ್ಲ. ಅಲ್ಲಿನ ನಿಯಮ ಮನೆಮಂದಿಯೇ ಮಾಡಬೇಕು: ರಾತ್ರಿಯೂಟ ಎಂಟೂವರೆಗೆ ಮುಗಿಯಲಿ, ಉಂಡ ತಟ್ಟೆಯನ್ನು ಅವರವರೇ ತೊಳೆದಿಡಲಿ, ಬೆಳಗಿನ ನೀರು ಹಿಡಿಯುವ ಸರದಿ ಎಲ್ಲರ ಪಾಲಿಗೂ ಬರಲಿ.