ಮೊಟ್ಟೆಯೊಳಗಿನ ಕಣ್ಣು

ಕಾವಿಗಿಟ್ಟ ಕೋಳಿಮೊಟ್ಟೆಯನ್ನು ಕತ್ತಲಲ್ಲಿ ದೀಪಕ್ಕೆ ಹಿಡಿದು ನೋಡಿದ ಅನುಭವವು ನಮ್ಮ ವಾಚಕರಲ್ಲಿ ಹಲವರಿಗೆ ಇದ್ದೀತು. ಆರೇಳು ದಿನ ಕಳೆದ ಮೊಟ್ಟೆಯಾದರೆ, ಕೆಂಪು ರಕ್ತನಾಳಗಳ ಬಲೆಯ ನಡುವೆ ಒಂದು ಕಪ್ಪು ಚುಕ್ಕೆ ತೋರುವುದು. ಅದೇ ಮರಿಯ ಕಣ್ಣು. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಸ್ ದೇಶದ ಅರಿಸ್ಟಾಟಲನು ಕಾವಿನ ಮೊಟ್ಟೆಗಳನ್ನು ಒಡೆದು ಪರೀಕ್ಷಿಸಿದಾಗ, ಭ್ರೂಣದ ಈ ದೊಡ್ಡ ಕಣ್ಣುಗಳನ್ನು ಕಂಡು ಬರೆದಿಟ್ಟಿರುವನು.

ಕತ್ತಲೆಯಲ್ಲಿ ಮಲಗಿರುವ ಮರಿಗೆ ಕಣ್ಣಿನ ಅವಸರವೇಕೆಂದು ಕೇಳಬಹುದು. ಕೋಳಿಯ ಮರಿಯು ಗುಬ್ಬಿಯ ಮರಿಯಂತೆ ಕಣ್ಣು ಮುಚ್ಚಿಕೊಂಡು ತಾಯಿಯ ತುತ್ತಿಗೆ ಕಾಯುವಂತಿಲ್ಲ. 21ನೆಯ ದಿನ ಚಿಪ್ಪನ್ನೊಡೆದು ಬಂದೊಡನೆ ಅದು ಕಣ್ತೆರೆದು ನಡೆಯುವುದು. ಕಾಳನ್ನು ತಾನೇ ಕಂಡು ಕುಕ್ಕಬೇಕು. ಆದುದರಿಂದ ಕಣ್ಣಿನ ಕೆಲಸವೆಲ್ಲ ಮೊಟ್ಟೆಯಲ್ಲಿಯೇ ಮುಗಿದಿರಬೇಕು.

ಈ ಕೆಲಸದಲ್ಲಿ ಹಾರ್ಮೋನೊಂದರ ಪಾತ್ರವು ವಿಚಿತ್ರವಾದುದು. ದೇಹವನ್ನು ಬೆಳೆಸುವ ಹಾರ್ಮೋನು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಹುಟ್ಟಿ, ರಕ್ತದ ಮೂಲಕ ಅಂಗಾಂಗಗಳನ್ನು ಸೇರುವುದೆಂಬುದು ಬಹುಕಾಲದ ಪಾಠ. ಕೋಳಿಯ ಭ್ರೂಣದಲ್ಲಿಯಾದರೋ, ಆ ಗ್ರಂಥಿಯ ತಕ್ಕ ಕೋಶಗಳು ಸಿದ್ಧವಾಗುವುದು ಎರಡನೆಯ ವಾರದ ಕೊನೆಯ ಹೊತ್ತಿಗೆ. ಹೀಗಿರಲು, ಕೆನಡಾ ದೇಶದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಹಾರ್ವೆ, ಸ್ಯಾಂಡರ್ಸ್ ಮೊದಲಾದವರು 7 ದಿನದ ಭ್ರೂಣದ ಅಕ್ಷಿಪಟದಲ್ಲಿಯೇ ಈ ಹಾರ್ಮೋನನ್ನು ಕಂಡು 2003ರಲ್ಲಿ ಪ್ರಕಟಿಸಿದರು. ಜೀವಕೋಶವು ತನ್ನ ಜೀನಿನಲ್ಲಿರುವ ಆಜ್ಞೆಯ ನಕಲನ್ನು ತೆಗೆದು, ಅದರಂತೆ ದ್ರವ್ಯವನ್ನು ತಯಾರಿಸುವುದಷ್ಟೆ. ಆ ನಕಲೂ ಅಲ್ಲಿಯೇ ದೊರಕಿತು. ಎಂದರೆ, ಪೇಟೆ ಇನ್ನೂ ತೆರೆದಿರದಾಗ ಮನೆಯಲ್ಲಿಯೇ ಅಡುಗೆ ನಡೆದಿತ್ತು.

ಅದರಿಂದ ಕಣ್ಣಿಗಾಗುವ ಪ್ರಯೋಜನವೇನು? ಅಕ್ಷಿಪಟವು ರೂಪುಗೊಳ್ಳುವಾಗ ಬೇಕಾದುದಕ್ಕಿಂತ ಹೆಚ್ಚು ನರಕೋಶಗಳು ಹುಟ್ಟುವುವು. ಹಲವು ಅಲ್ಲಿಯೇ ಸಾಯುವುವು. ಇವುಗಳಲ್ಲಿ ಗ್ಯಾಂಗ್ಲಿಯನ್ ಕೋಶಗಳೆಂಬುವು ಮುಖ್ಯವಾದುವು. ಇವುಗಳ ಎಳೆಗಳೇ ಒಟ್ಟುಗೂಡಿ ದೃಷ್ಟಿನರವಾಗಿ ಮಿದುಳಿಗೆ ಹೋಗುವುವು. ಹಾರ್ಮೋನು ಕಂಡುಬಂದುದು ವಿಶೇಷವಾಗಿ ಇವುಗಳಲ್ಲಿಯೇ. ಪ್ರತಿದ್ರವ್ಯವನ್ನು ಹಾಕಿ ಆ ಹಾರ್ಮೋನನ್ನು ತಡೆದು ನೋಡಿದಾಗ, ಸಾಯುವ ಗ್ಯಾಂಗ್ಲಿಯನ್ ಕೋಶಗಳ ಸಂಖ್ಯೆಯು ಏರಿತು. ಹೆಸರು ಬೆಳವಣಿಗೆಯದಾದರೂ ಇಲ್ಲಿ ಅದರ ಕೆಲಸ ಕಾಪಾಡುವುದೆಂದು ಇದರಿಂದ ತಿಳಿಯಿತು.

ಮೊಟ್ಟೆಯ ಈ ಸುದ್ದಿಯು ಸಂಸಾರಸ್ಥರಿಗೇಕೆಂದರೆ, ಗ್ಲಾಕೋಮಾ ಎಂಬ ಕಣ್ಣಿನ ಬೇನೆಯಲ್ಲಿ ಮನುಷ್ಯನು ಕಳೆದುಕೊಳ್ಳುವುದು ಈ ಜಾತಿಯ ಕೋಶಗಳನ್ನೇ. ಸತ್ತ ಕೋಶವು ಮರಳಿ ಹುಟ್ಟದು. ಹೋದ ದೃಷ್ಟಿಯು ಹಿಂದಿರುಗದು. ಆದುದರಿಂದಲೇ ಕೋಶಗಳನ್ನು ಬದುಕಿಸುವ ದ್ರವ್ಯಗಳನ್ನು ವಿಜ್ಞಾನಿಗಳು ಹುಡುಕುತ್ತಿರುವರು. ಹಾಗೆಂದು ಈ ಹಾರ್ಮೋನಿನ ಸೂಜಿಮದ್ದೇ ಕಣ್ಣಿಗೆ ಔಷಧವೆಂದು ಯಾರಾದರೂ ಮಾರಬಂದರೆ ನಂಬಲಾಗದು. ಭ್ರೂಣದ ಕಣ್ಣು ತನಗೆ ಬೇಕಾದಷ್ಟನ್ನು ತಾನಿದ್ದಲ್ಲಿಯೇ ಮಾಡಿಕೊಳ್ಳುವುದು ಬೇರೆ; ಹೊರಗಿನಿಂದ ಮೈಗೆಲ್ಲ ತುಂಬುವುದು ಬೇರೆ. ಸಕ್ಕರೆ ರೋಗದಿಂದ ಅಕ್ಷಿಪಟವು ಬಹಳವಾಗಿ ಕೆಟ್ಟವರಿಗೆ ಇದೇ ಹಾರ್ಮೋನನ್ನು ಕೊಡಕೂಡದೆಂದು ವೈದ್ಯರು ವಿಧಿಸಿರುವರು.

ನಮ್ಮ ಕೈಲಾಗುವ ರಕ್ಷಣೆಯು ಸರಳವಾದುದು. ಗ್ಲಾಕೋಮಾ ಸಾಮಾನ್ಯವಾಗಿ ನೋವಿಲ್ಲದೆ, ಅಂಚಿನ ನೋಟವನ್ನು ಮೊದಲು ಕದಿಯುತ್ತ ಬರುವುದು. 40 ವರ್ಷ ದಾಟಿದವರು, ಅದರಲ್ಲಿಯೂ ತಂದೆತಾಯಿಗಳಿಗೋ ಒಡಹುಟ್ಟಿದವರಿಗೋ ಈ ಬೇನೆಯಿದ್ದವರು, ಕಣ್ಣಿನ ಒತ್ತಡವನ್ನೂ ದೃಷ್ಟಿನರವನ್ನೂ ವೈದ್ಯರಿಂದ ಪರೀಕ್ಷಿಸಿಕೊಳ್ಳತಕ್ಕದ್ದು. ಹುಟ್ಟುವ ಮೊದಲೇ ಅಷ್ಟು ಜತನದಿಂದ ಉಳಿದುಬಂದ ಕೋಶಗಳನ್ನು ನಮ್ಮ ಅಲಕ್ಷ್ಯದಿಂದ ಕಳೆದುಕೊಳ್ಳುವುದು ನ್ಯಾಯವಲ್ಲ.