ಪಟ್ಟ ಕಟ್ಟಿಸಿಕೊಂಡವರ ಸಂಸತ್ತು

ಸಮೋವಾದ ಹಳ್ಳಿಗಳಲ್ಲಿ ಸಭೆ ಸೇರುವ ಮನೆಗೆ ಗೋಡೆಯಿಲ್ಲ. ಸುತ್ತ ಕಂಬ, ಮೇಲೆ ಮಾಡು, ಅಷ್ಟೇ. ಯಾವ ಕಂಬಕ್ಕೆ ಯಾರು ಒರಗಿ ಕೂರಬೇಕೆಂಬುದು ಅವರವರ ಪಟ್ಟ ನೋಡಿ ಮೊದಲೇ ತೀರ್ಮಾನವಾಗಿರುತ್ತದೆ. 'ಆವಾ' ಎಂಬ ಬೇರಿನ ಪಾನೀಯದ ಬಟ್ಟಲು ಸಾಗುವುದೂ ಅದೇ ಹಿರಿತನದ ಲೆಕ್ಕದಲ್ಲಿ. ಕೂತವರೆಲ್ಲ 'ಮತಾಯಿ'ಗಳು, ಒಂದೊಂದು ಕುಟುಂಬದ ಯಜಮಾನರು. ಈ ಯಜಮಾನಿಕೆ ಹಿರಿಮಗನಿಗೆ ತಾನಾಗಿ ಬರುವಂಥದ್ದಲ್ಲ. ಕುಟುಂಬದವರೆಲ್ಲ ಕೂತು ಮಾತಾಡಿ ಒಬ್ಬರನ್ನು ಆರಿಸುತ್ತಾರೆ. ಹೆಣ್ಣುಮಕ್ಕಳಿಗೂ ಪಟ್ಟ ಕಟ್ಟಬಹುದು, ಆದರೆ ಕೆಲವು ಊರುಗಳು ಅದನ್ನು ಒಪ್ಪುವುದಿಲ್ಲ. 'ಫೋನೋ' ಎನ್ನುವ ಊರ ಸಭೆಯಲ್ಲಿ ಕೈ ಎತ್ತಿಸಿ ಎಣಿಸುವ ರೂಢಿಯಿಲ್ಲ. ಒಮ್ಮತ ಬರುವ ತನಕ ಮಾತು.

ಹೊರಗಿನವರು ಬಂದು ಇದನ್ನು ಪಳಗಿಸಲು ನೋಡಿದರು. 1899ರಲ್ಲಿ ಜರ್ಮನಿ, ಅಮೆರಿಕಗಳು ದ್ವೀಪಗಳನ್ನು ಹಂಚಿಕೊಂಡವು. 1914ರಲ್ಲಿ ಜರ್ಮನ್ ಪಾಲನ್ನು ನ್ಯೂಜಿಲೆಂಡ್ ಹಿಡಿಯಿತು. 1918ರ ನವೆಂಬರ್‌ನಲ್ಲಿ ಆಕ್ಲೆಂಡಿನಿಂದ ಬಂದ ಹಡಗಿನಲ್ಲಿ ಫ್ಲೂ ರೋಗಿಗಳಿದ್ದರೂ ತಡೆಯಲಿಲ್ಲ. ಐವರಲ್ಲಿ ಒಬ್ಬರು ಸತ್ತರು. ಪಕ್ಕದ ಅಮೆರಿಕನ್ ಸಮೋವಾ ಹಡಗುಗಳನ್ನು ದೂರವಿಟ್ಟಿತು, ಅಲ್ಲಿ ಒಬ್ಬರೂ ಸಾಯಲಿಲ್ಲ. ಮೇಲಿಂದ, ಎದುರು ಮಾತಾಡಿದ ಮತಾಯಿಗಳ ಪಟ್ಟ ಕಿತ್ತು ಗಡಿಪಾರು ಮಾಡುವ ಅಧಿಕಾರವನ್ನೂ ಸರ್ಕಾರ ತಾನೇ ತೆಗೆದುಕೊಂಡಿತು. 'ಮೌ' ಎಂಬ ಅಹಿಂಸಾ ಚಳವಳಿ ಎದ್ದದ್ದು ಹೀಗೆ. 1929ರ ಡಿಸೆಂಬರ್ 28ರಂದು ಆಪಿಯಾದ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು; ಗುಂಡೇಟು ತಿಂದ ಚಳವಳಿಯ ನಾಯಕ ಟುಪುವಾ ತಮಸೇಸೆ ಲೆಯಲೋಫಿ ಮರುದಿನ ತೀರಿಕೊಂಡರು.

1961ರಲ್ಲಿ ಸ್ವಾತಂತ್ರ್ಯ ಬೇಕೇ ಎಂದು ವಿಶ್ವಸಂಸ್ಥೆ ಕೇಳಿದ್ದು ಎಲ್ಲ ವಯಸ್ಕರನ್ನೂ. 1962ರ ಜನವರಿ 1ರಂದು ಅದು ಕೈಗೆ ಬಂದ ಮೇಲೆ ಬಹುತೇಕ ಎಲ್ಲ ಸ್ಥಾನಗಳಿಗೂ ವೋಟು ಮತಾಯಿಗಳಿಗೆ ಮಾತ್ರ! ಸಂಪ್ರದಾಯ ಕೆಡದಿರಲಿ ಎಂಬುದು ಉದ್ದೇಶ. ಆದದ್ದು ತಿರುಗುಮುರುಗು. ಚುನಾವಣೆ ಹತ್ತಿರ ಬಂದಂತೆ ಸಿಕ್ಕಸಿಕ್ಕವರಿಗೆ ಪಟ್ಟ ಕಟ್ಟಿದರು, ಒಂದೇ ಪಟ್ಟವನ್ನು ಹಲವರಿಗೆ ಹಂಚಿದರು. ಇಂಥವರಿಗೆ ಜನ 'ವೋಟಿನ ಮತಾಯಿ' ಎಂದೇ ಹೆಸರಿಟ್ಟರು. 1990ರ ಜನಮತಗಣನೆ ಅಲ್ಪ ಅಂತರದಿಂದ ಗೆದ್ದು, 21 ವರ್ಷ ತುಂಬಿದ ಎಲ್ಲರಿಗೂ ವೋಟು ಸಿಕ್ಕಿತು. ಪಟ್ಟದ ಮಾನ ಅಷ್ಟಾದರೂ ಉಳಿದಿದ್ದರೆ ಅದಕ್ಕೆ ಈ ತಿದ್ದುಪಡಿಯೇ ಕಾರಣ ಎನ್ನುತ್ತೇನೆ.

ಆದರೆ ಚುನಾವಣೆಗೆ ನಿಲ್ಲಲು ಪಟ್ಟ ಬೇಕೇ ಬೇಕು ಎಂಬ ನಿಯಮ ಉಳಿಯಿತು. ಪಟ್ಟವಿರುವ ಹೆಂಗಸರು ಕಡಿಮೆ, ಸಂಸತ್ತಿನಲ್ಲಿ ಇನ್ನೂ ಕಡಿಮೆ. ಹಾಗಾಗಿ ಕನಿಷ್ಠ ಶೇ. 10ರಷ್ಟು ಮಹಿಳೆಯರಿರಬೇಕೆಂದು 2013ರಲ್ಲಿ ಸಂವಿಧಾನ ತಿದ್ದಿದರು. 2021ರ ಚುನಾವಣೆಯಲ್ಲಿ ಈ ನಿಯಮವೇ ಇಕ್ಕಟ್ಟು ತಂದಿತು. 51 ಸ್ಥಾನಗಳ ಶೇ. 10 ಎಂದರೆ 5.1, ಗೆದ್ದ ಮಹಿಳೆಯರು ಐವರು. ಇಪ್ಪತ್ತು ವರ್ಷಕ್ಕೂ ಮೀರಿ ಪ್ರಧಾನಿಯಾಗಿದ್ದ ಟುಯಿಲಾಎಪಾ ಅವರ ಪಕ್ಷದ ಆರನೆಯವರೊಬ್ಬರನ್ನು ಸೇರಿಸಿದ ಮೇಲೆ ಆ ಪಕ್ಷಕ್ಕೂ ಎದುರಾಳಿಗಳಿಗೂ ಬಲಾಬಲ 26–26. ಕೋರ್ಟು ಆ ನೇಮಕವನ್ನು ರದ್ದು ಮಾಡಿತು. ಆದರೂ ಮೇ 24ರಂದು ಸಂಸತ್ತಿನ ಬಾಗಿಲಿಗೆ ಬೀಗ. ಎದುರಾಳಿ ಪಕ್ಷದ ನಾಯಕಿ, ಮೊದಲ ಪ್ರಧಾನಿಯ ಮಗಳು ಫಿಯಾಮೆ ನವೋಮಿ ಮತಾಅಫಾ ಹೊರಗಿನ ಹುಲ್ಲುಹಾಸಿನ ಮೇಲೆ ಶಾಮಿಯಾನದಡಿ ಪ್ರಮಾಣವಚನ ತೆಗೆದುಕೊಂಡರು. ಅದು ಸಿಂಧುವೆಂದು ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಜುಲೈನಲ್ಲಿ.

ದೇಶದ ಮೊದಲ ಮಹಿಳಾ ಪ್ರಧಾನಿ ಬಂದದ್ದು ಸಂತೋಷವೇ. ಅಂದಮಾತ್ರಕ್ಕೆ ಮೂಲ ಹುಳುಕು ಹೋಗಲಿಲ್ಲ. ಹೆಂಗಸರು ಐದೋ ಆರೋ ಎಂದು ಲೆಕ್ಕ ಹಾಕುವ ಮೊದಲು, ಪಟ್ಟವಿಲ್ಲದವರು ನಿಲ್ಲಬಾರದೆಂಬ ನಿಯಮವನ್ನೇ ತೆಗೆಯುವುದು ಮೇಲು.