ಮುತ್ತಿನ ಚಿಪ್ಪಿಗೆ ತಗಲುವ ರೋಗ

ಮಾಮೂಲ್‌ಪೇಟೆಯಲ್ಲಿ ನಮ್ಮ ನೆರೆಮನೆಯ ವೃದ್ಧೆಯೊಬ್ಬರು ಮೊನ್ನೆ ತಮ್ಮ ಹಳೆಯ ಮುತ್ತಿನ ಸರವನ್ನು ಹೊಸ ದಾರಕ್ಕೆ ಪೋಣಿಸುತ್ತ ಜಗಲಿಯಲ್ಲಿ ಕುಳಿತಿದ್ದರು. "ಸ್ವಾತಿಯ ಮಳೆಹನಿ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದಂತೆ. ನೀನು ಪುಸ್ತಕ ಓದಿದವನು, ಇದು ನಿಜವೇನಪ್ಪ?" ಎಂದು ಕೇಳಿದರು. "ಹನಿಯಲ್ಲ ಅಜ್ಜಿ, ಹುಳುವೆಂದು ಹೇಳಿದವರುಂಟು" ಎಂದೆನು. ಅಜ್ಜಿಯ ಕೈ ಅಲ್ಲಿಗೇ ನಿಂತಿತು.

ಹಾಗೆ ಹೇಳಿದವರು ಹರ್ಡ್‌ಮನ್ ಎಂಬ ಬ್ರಿಟಿಷ್ ಪಂಡಿತರು. ಮನ್ನಾರು ಕೊಲ್ಲಿಯ ಸಿಂಹಳದ ಕಡೆಯಲ್ಲಿ ಮುತ್ತಿನ ಬೆಳೆ ಮೇಲಿಂದ ಮೇಲೆ ಕೆಡುತ್ತಿದ್ದುದರಿಂದ, 1902ರಲ್ಲಿ ಅವರನ್ನು ಅಲ್ಲಿಗೆ ಕಳುಹಿಸಿದರು. ಹಾರ್ನೆಲ್ ಎಂಬವರು ಅವರಿಗೆ ಸಹಾಯಕರಾಗಿದ್ದರು. ಚಿಪ್ಪಿನ ಮಾಂಸದಲ್ಲಿ ಲಾಡಿಹುಳುವಿನ ಮರಿಗಳು ಗಂಟುಕಟ್ಟಿಕೊಂಡಿರುವುದನ್ನು ಕಂಡು, ಚಿಪ್ಪು ಆ ಹುಳುವಿನ ಸುತ್ತಲೂ ಹೊಳಪಿನ ಪದರಗಳನ್ನು ಸುರಿದು ಮುತ್ತುಮಾಡುವುದೆಂದು ಅವರು ಬರೆದರು. ಮುಂದೆ ಬಂದ ಶಾಸ್ತ್ರಜ್ಞರು ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಚಿಪ್ಪಿನ ಒಳಹೊದಿಕೆಯ ಕಣಗಳು ಹೇಗಾದರೂ ಮಾಂಸದೊಳಗೆ ಸೇರಿ ಚೀಲ ಕಟ್ಟಿಕೊಂಡರೆ ಮುತ್ತಾಗುವುದು, ಹುಳು ಅದಕ್ಕೊಂದು ನೆಪ ಮಾತ್ರ. ಈ ತತ್ತ್ವವನ್ನೇ ಹಿಡಿದು 1973ರಲ್ಲಿ ತೂತ್ತುಕುಡಿಯಲ್ಲಿ ಕೇಂದ್ರ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆಯವರು ಚಿಪ್ಪಿನಲ್ಲಿ ಮಣಿಯನ್ನಿಟ್ಟು ದುಂಡುಮುತ್ತು ಬೆಳೆಸಿದರು.

ಆದರೆ ಅಜ್ಜಿಯ ಮನಸ್ಸಿನಲ್ಲಿದ್ದುದು ಬೇರೆ. ಅವರ ಮೊಮ್ಮಗಳನ್ನು ಕುಮಟೆಯ ಕಡೆಗೆ ಕೊಟ್ಟಿದೆ. ಅಳಿಯನು ಅಘನಾಶಿನಿ ಅಳಿವೆಯಲ್ಲಿ ಚಿಪ್ಪು ಸಾಕುವ ಯೋಚನೆಯಲ್ಲಿ, ಹೊರಗಿನಿಂದ ಮರಿಚಿಪ್ಪು ತರಿಸಲು ಮೊಮ್ಮಗಳ ಒಡವೆಯನ್ನು ಅಡವಿಡುವ ಮಾತಾಡಿದ್ದಾನೆ. "ಚಿಪ್ಪಿಗೂ ಹುಳು ಬೀಳುವುದಾದರೆ ಆ ಒಡವೆಯ ಗತಿಯೇನು?" ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಸಣ್ಣದಲ್ಲ. ಕುಮಟೆಯವರು ಬಳಚು ಎಂದೂ, ತುಳುವರು ಮರುವಾಯಿ ಎಂದೂ ಕರೆಯುವ ಚಿಪ್ಪನ್ನು ಇಳಿತದ ನೀರಿನಲ್ಲಿ ಆಯ್ದು ಎಷ್ಟೋ ಸಂಸಾರಗಳು ಬದುಕುತ್ತಿವೆ. ನಮ್ಮಲ್ಲಿ ಅದನ್ನು ತಿನ್ನದವರೂ ಚಿಪ್ಪಿನ ಸುಣ್ಣವನ್ನು ಎಲೆಗೆ ಹಚ್ಚಿ ಮೆಲ್ಲುವುದುಂಟು.

ಚಿಪ್ಪುಗಳನ್ನು ಕಾಡುವ ಪರೋಪಜೀವಿಗಳು ಹಲವು. ಬಟಾಣಿಯಷ್ಟೇ ದಪ್ಪದ ಏಡಿಯೊಂದು ಒಳಗೆ ಬಾಡಿಗೆಯಿಲ್ಲದೆ ವಾಸಮಾಡುವುದು. ಅದರಿಂದ ಹೆಚ್ಚಿನ ಕೇಡಿಲ್ಲ. ಬ್ಯುಸೆಫಲಸ್ ಎಂಬ ಚಪ್ಪಟೆಹುಳುವಿನ ಮರಿಗೆ ಎತ್ತಿನ ಕೊಂಬಿನಂತೆ ಇಬ್ಬಾಗವಾದ ಬಾಲವಿರುವುದು. ಅದರ ಸಂತಾನವು ಚಿಪ್ಪಿನ ಗರ್ಭಕೋಶವನ್ನೇ ತುಂಬಿ ಅದನ್ನು ಬಂಜೆಮಾಡುವುದು. ಇವೆಲ್ಲಕ್ಕಿಂತ ಘೋರವಾದುದು ಪರ್ಕಿನ್ಸಸ್ ಎಂಬ ಏಕಕೋಶ ಜೀವಿ. ಇದರ ಒಂದು ಜಾತಿ ಅಮೆರಿಕದ ಮೆಕ್ಸಿಕೊ ಕೊಲ್ಲಿಯ ಆಯ್ಸ್ಟರು ಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಲ್ಲುತ್ತಿದ್ದುದು 1950ರಲ್ಲಿ ಗೊತ್ತಾಯಿತು. ಇನ್ನೊಂದು ಜಾತಿಯನ್ನು 1981ರಲ್ಲಿ ಆಸ್ಟ್ರೇಲಿಯದ ಕಡಲ ಬಸವನಹುಳುವಿನಲ್ಲಿ ಗುರುತಿಸಿದರು. ಅದೇ ಜಾತಿ 2010ರಲ್ಲಿ ನಮ್ಮ ದೇಶದ ಆಗ್ನೇಯ ಕರಾವಳಿಯ ಮುತ್ತಿನ ಚಿಪ್ಪಿನಲ್ಲಿಯೂ ಇರುವುದೆಂದು ವರದಿಯಾಯಿತು. 2012ರಲ್ಲಿ ನಮ್ಮ ಆಯ್ಸ್ಟರುಗಳಲ್ಲಿ ಮತ್ತೊಂದು ಜಾತಿಯೂ ಕಂಡುಬಂದಿತು.

ಚಿಪ್ಪು ನೀರನ್ನು ಸೋಸಿ ಉಣ್ಣುವ ಪ್ರಾಣಿ. ಆ ನೀರಿನೊಡನೆಯೇ ಶತ್ರುವೂ ಒಳಸೇರುವುದು. ಒಳಗೆ ಒಂದು ಹಲವಾಗಿ, ಚಿಪ್ಪು ಸೊರಗಿ, ಮಾಂಸ ನೀರಾಗಿ, ಕಡೆಗೆ ಬಾಯಿ ಮುಚ್ಚಲಾರದೆ ಸಾಯುವುದು. ಸತ್ತ ದೇಹದಿಂದ ಹೊರಬಿದ್ದ ಕಣಗಳು ಪಕ್ಕದ ಚಿಪ್ಪಿಗೆ ತಗಲುವುವು. ಇದನ್ನು ಪತ್ತೆಹಚ್ಚುವ ಬಗೆ ಬಲು ಸೊಗಸಾದುದು. ಕಿವಿರಿನ ತುಂಡನ್ನು ಒಂದು ಪೋಷಕ ದ್ರವದಲ್ಲಿ ಕೆಲವು ದಿನ ಕತ್ತಲೆಯಲ್ಲಿಟ್ಟರೆ ಶತ್ರುವಿನ ಕಣಗಳು ಉಬ್ಬುವುವು. ಬಳಿಕ ಅಯೊಡಿನ್ ಹಾಕಿದರೆ, ಗಂಜಿಗೆ ಟಿಂಕ್ಚರ್ ತಗಲಿದಂತೆ, ಅವು ನೀಲಿಗಪ್ಪಾಗಿ ಸೂಕ್ಷ್ಮದರ್ಶಕದಲ್ಲಿ ಎದ್ದುಕಾಣುವುವು. 1952ರಲ್ಲಿ ರೇ ಎಂಬವರು ಕಂಡುಹಿಡಿದ ಈ ಉಪಾಯವು ಇಂದಿಗೂ ಬಳಕೆಯಲ್ಲಿದೆ.

ಮದ್ದು ಮಾತ್ರ ಇಲ್ಲ. ಸಮುದ್ರಕ್ಕೆ ಔಷಧ ಸುರಿಯುವುದೆಲ್ಲಿ ಬಂತು? ಬಿಸಿಯೂ ಉಪ್ಪೂ ಹೆಚ್ಚಿದ ನೀರಿನಲ್ಲಿ ಪರ್ಕಿನ್ಸಸ್ ಕೊಬ್ಬುವುದು, ಸಿಹಿನೀರು ಬೆರೆತಾಗ ಅದರ ಆರ್ಭಟ ತಗ್ಗುವುದು. ಆದಕಾರಣ ಆಷಾಢ ಶ್ರಾವಣಗಳ ಮಳೆಯಲ್ಲಿ ತೊಳೆದುಹೋಗುವ ನಮ್ಮ ಅಳಿವೆಗಳಿಗೆ ಒಂದು ಸ್ವಾಭಾವಿಕ ರಕ್ಷೆಯಿದೆಯೆಂದು ನನಗೆ ತೋರುತ್ತದೆ. ಆದರೆ ಮಳೆ ಮಿತಿಮೀರಿದರೆ ಅದೇ ಸಿಹಿನೀರಿನಿಂದ ಚಿಪ್ಪುಗಳೂ ಸಾಯುವುವೆಂಬುದನ್ನು ಮರೆಯಲಾಗದು.

ಪರ್ಕಿನ್ಸಸ್ ಮನುಷ್ಯರಿಗೆ ಅಂಟುವ ರೋಗವಲ್ಲ. ತಿನ್ನುವವರು ಅಂಜಬೇಕಾದುದು ಚರಂಡಿ ಬೆರೆತ ನೀರಿನ ಚಿಪ್ಪಿಗೆ. ಕಾಮಾಲೆಯೂ ವಿಷಮಶೀತಜ್ವರವೂ ಅದರಿಂದ ಬರಬಹುದಾದುದರಿಂದ, ಬಿಸಿನೀರಿನಲ್ಲಿ ಅದ್ದಿ ಬಾಯ್ತೆರೆಸಿದರೆ ಸಾಲದು, ಚೆನ್ನಾಗಿ ಬೇಯಿಸಬೇಕು.

ಅಳಿಯನಿಗೆ ನಾನೇ ಕಾಗದ ಬರೆದೆನು. ಬೇರೆ ಹೊಳೆಯ ಮರಿಚಿಪ್ಪನ್ನು ಪರೀಕ್ಷಿಸದೆ ತರಬಾರದು, ಅದರೊಡನೆ ಬಂದ ರೋಗವು ಅವನ ಚೀಲಗಳಲ್ಲಿಯೇ ನಿಲ್ಲದೆ ಅಳಿವೆಯ ಬಳಚಿಗೂ ತಗಲೀತು. ಆದಷ್ಟು ಅಘನಾಶಿನಿಯ ಮರಿಯನ್ನೇ ಹಿಡಿದು ಬೆಳೆಸಲಿ. ಕಾರವಾರದಲ್ಲಿಯೂ ಮಂಗಳೂರಿನಲ್ಲಿಯೂ ಸಾಗರ ಮತ್ಸ್ಯ ಸಂಸ್ಥೆಯ ಕೇಂದ್ರಗಳಿರುವುದರಿಂದ ಮೊದಲು ಅಲ್ಲಿ ವಿಚಾರಿಸಲಿ. ಮೊದಲ ವರ್ಷ ಕೈಯಲ್ಲಿರುವಷ್ಟು ಹಣದಲ್ಲಿ ನಾಲ್ಕೇ ಸಾಲು ಕಟ್ಟಿನೋಡಲಿ, ಒಡವೆ ಪೆಟ್ಟಿಗೆಯಲ್ಲಿರಲಿ. ಕಾಗದವನ್ನು ಓದಿ ಹೇಳಿದಾಗ ಅಜ್ಜಿ, "ಕಡೆಯ ಮಾತನ್ನು ಇನ್ನೊಂದು ಸಲ ದಪ್ಪಕ್ಷರದಲ್ಲಿ ಬರೆಯಪ್ಪ" ಎಂದರು.